ಹುಲಿಗೆಮ್ಮನ ಅಂಜಿಕೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅದರೊಳಗೊಂದು ಹೆರಿಗೆಮನೆ. ನಡೆಸುತ್ತಿದ್ದವರು ಅನಸೂಯಾ ಮಾತಾಜಿ. ಕಾವಿ ಉಡುವ ಮೊದಲೂ ಅವರು ಡಾಕ್ಟರು, ಉಟ್ಟ ಮೇಲೂ ಡಾಕ್ಟರು.

ಅವರ ಬಳಿ ಕಲಿಯಲು ಸುಮೇಧಾ ಬಂದಳು. ಮನಶ್ಶಾಸ್ತ್ರ ಓದಿದವಳು. ಹೆರಿಗೆಯ ಭಯವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ತಂದಿದ್ದಳು. ಹೆರಿಗೆಗೆಂದು ಬಂದಿದ್ದ ಬಸುರಿಯರನ್ನೆಲ್ಲ ಅದರಂತೆ ಕೇಳತೊಡಗಿದಳು. ಪ್ರತಿ ಪ್ರಶ್ನೆಗೂ ಅಂಕ. ಅಂಕ ಹೆಚ್ಚಿದಷ್ಟೂ ಭಯ ಹೆಚ್ಚು.

ಒಂದು ಬೆಳಿಗ್ಗೆ ಅವಳು ಓಡೋಡಿ ಬಂದಳು.

"ಮಾತಾಜಿ, ಹುಲಿಗೆಮ್ಮನ ಅಂಕ ಎಲ್ಲರಿಗಿಂತ ಹೆಚ್ಚು. ಇದು ಎರಡನೆಯ ಹೆರಿಗೆ, ಆದರೂ ಇಷ್ಟು ಭಯ. ಹೆರುವುದು ಆಕೆಯಿಂದ ಆಗುವುದಿಲ್ಲ."

"ಹೊಟ್ಟೆ ಮುಟ್ಟಿ ನೋಡಿದ್ದೇನೆ. ಮಗು ಸರಿಯಾಗಿದೆ, ತಾಯಿ ಗಟ್ಟಿಯಾಗಿದ್ದಾಳೆ. ಆಗುವುದಿಲ್ಲ ಅಂತ ಯಾರು ಹೇಳಿದರು?"

"ಅಂಕ ಹೇಳುತ್ತದೆ."

"ಭಯ ಇದೆ ಅಂತ ಅಂಕ ಹೇಳಿತು. ಅದು ನಿಜ. ಆಗುವುದಿಲ್ಲ ಅಂದವಳು ನೀನು. ಯಾವ ಪ್ರಶ್ನೆಗೆ ಪೂರ್ತಿ ಅಂಕ ಕೊಟ್ಟಳು?"

"'ಹೆರುವಾಗ ಒಂಟಿಯಾಗಿಬಿಡುತ್ತೇನೆ ಅನ್ನಿಸುತ್ತದೆಯೇ?' ಅನ್ನುವುದಕ್ಕೆ."

"ಕೇಳಿ ಎದ್ದು ಬಂದೆಯಾ? ಹೋಗು, ಆ ಪ್ರಶ್ನೆಯ ಹತ್ತಿರವೇ ಕೂತುಕೋ."

ಸುಮೇಧಾ ಹೋಗಿ ಹುಲಿಗೆಮ್ಮನ ಪಕ್ಕ ಕೂತಳು. ಈ ಸಲ ಕಾಗದ ತೆಗೆಯಲಿಲ್ಲ.

ಹುಲಿಗೆಮ್ಮ ತಾನಾಗಿಯೇ ಬಾಯಿಬಿಟ್ಟಳು.

"ಚೊಚ್ಚಲ ಹೆರಿಗ್ಯಾಗ ದವಾಖಾನಿಯವ್ರು ನಮ್ಮವ್ವನ್ನ ಹೊರಗ ಹಾಕಿ ಬಾಗಲಾ ಮುಚ್ಚಿದ್ರುರೀ ಅಕ್ಕಾರ. ಒದರೇ ಒದರಿದೆ. ಯಾರೂ ಬರಲಿಲ್ಲ. ಕೂಸು ಬದುಕಿತು, ಖರೆ. ಈಗ ಅವ್ವನೂ ಇಲ್ಲ."

ಸುಮೇಧಾ ಅದನ್ನು ಗುರುವಿಗೆ ಹೇಳಿದಳು. ಮಾತಾಜಿ ತಾವೇ ಒಂದು ಸ್ಟೂಲು ಎತ್ತಿಕೊಂಡು ಹೋಗಿ ಹೆರಿಗೆ ಕೋಣೆಯ ಮಂಚದ ತಲೆದೆಸೆಗೆ ಇಟ್ಟರು.

"ಇದು ನಿನ್ನ ಜಾಗ."

"ನಾನು ಹೆರಿಗೆ ಕಂಡವಳೇ ಅಲ್ಲ, ಮಾತಾಜಿ!"

"ಕಾಣುತ್ತೀ."

ನೋವು ಬಂದ ದಿನ ಹುಲಿಗೆಮ್ಮ ಸುಮೇಧಾಳ ಮುಂಗೈ ಹಿಡಿದವಳು ಬಿಡಲೇ ಇಲ್ಲ. ಬಳೆ ಚೂರಾದವು.

"ನನ್ನ ಕೈಲೆ ಆಗಂಗಿಲ್ಲ! ಅಂಜಿಕಿ ಬರಾಕತ್ತೈತಿ!"

ಸುಮೇಧಾಳಿಗೆ ಓದಿ ಕಲಿತ ಸಮಾಧಾನದ ಮಾತು ಒಂದೂ ನೆನಪಾಗಲಿಲ್ಲ.

"ನನಗೂ ಹೆದರಿಕೆ ಆಗ್ತಿದೆ, ಹುಲಿಗೆಮ್ಮಾ. ಆದರೆ ನಾನು ಎಲ್ಲೂ ಹೋಗಲ್ಲ."

ಹುಲಿಗೆಮ್ಮ ತಲೆಯೆತ್ತಿ ಅವಳ ಮುಖ ನೋಡಿದಳು. ಬೆವರಿನ ನಡುವೆಯೇ ನಕ್ಕುಬಿಟ್ಟಳು.

"ಹಂಗಾರ ಇಬ್ರೂ ಕೂಡೇ ಅಂಜೂಣು ಬರ್ರಿ!"

ಮುಂದಿನ ನೋವಿಗೆ ಹಲ್ಲುಕಚ್ಚಿ ತಿಣುಕಿದಳು. ಮತ್ತೊಂದಕ್ಕೆ ಇನ್ನೂ ಜೋರಾಗಿ. ಮಾತಾಜಿಯ ಕೈಗೆ ಹೆಣ್ಣುಕೂಸು ಜಾರಿ ಬಂತು. ಬಂದದ್ದೇ ಕೋಣೆ ತುಂಬ ಅತ್ತಿತು. ಅದರ ದನಿಯನ್ನೂ ಮೀರಿಸಿ ಹುಲಿಗೆಮ್ಮ ಕೂಗಿದಳು:

"ಹಡದೆ! ನಾ ಹಡದೆ!"

ಹೊರಗಿನ ಪಡಸಾಲೆಯಲ್ಲಿದ್ದ ಬಸುರಿಯರೆಲ್ಲ ಎದ್ದು ನಿಂತರು.

ಮರುದಿನ ಸುಮೇಧಾ, ಹೆರಿಗೆಯಾದ ಮೇಲೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದಳು. ಕೂಸಿಗೆ ಹಾಲೂಡಿಸುತ್ತ ಹುಲಿಗೆಮ್ಮ ನಗುನಗುತ್ತಲೇ ಉತ್ತರ ಕೊಟ್ಟಳು. ಸುಮೇಧಾ ಅಂಕ ಕೂಡಿಸಿದಳು, ಮತ್ತೊಮ್ಮೆ ಕೂಡಿಸಿದಳು, ಕಾಗದ ಹಿಡಿದು ಗುರುವಿನ ಬಳಿಗೆ ಬಂದಳು.

"ಮಾತಾಜಿ, 'ಒಂಟಿ ಅನ್ನಿಸಿತೇ' ಅಂದರೆ ಸೊನ್ನೆ ಕೊಟ್ಟಿದ್ದಾಳೆ. ಆದರೆ 'ಭಯವಾಯಿತೇ' ಅಂದರೆ ಪೂರ್ತಿ ಅಂಕ! ಭಯ ಒಂದಿಷ್ಟೂ ಇಳಿದಿಲ್ಲ. ಇದನ್ನು ಗೆಲುವು ಅಂತ ಹೇಗೆ ಬರೆಯಲಿ?"

ಮಾತಾಜಿ ಕಾಗದವನ್ನು ತೆಗೆದುಕೊಂಡು ಗಮನವಿಟ್ಟು ಓದಿದರು. ಅವರ ಮುಖ ಅರಳಿತು.

"ಇಷ್ಟೂ ಭಯ ಇಟ್ಟುಕೊಂಡೇ ಹೆತ್ತಳಲ್ಲ! ಬರೆಯುವುದು ಆಮೇಲೆ. ಮೊದಲು ಹೋಗಿ ಆಶ್ರಮಕ್ಕೆಲ್ಲ ಸಕ್ಕರೆ ಹಂಚು."