ದ್ಯಾವವ್ವನ ಉಬ್ಬೆ

“ಕೇಳ್ರಪ್ಪೋ ಕೇಳ್ರಿ! ಹೊಂಗೆಕೋಟೆಯ ವೀರರಸ ಮಹಾಪ್ರಭುಗಳ ಅಪ್ಪಣೆ! ಇನ್ನು ಮುಂದೆ ನಾಡಿಗೆಲ್ಲ ಅರಮನೆಯ ದೇವರೇ ದೇವರು, ಅರಮನೆಯ ಪೂಜೆಯೇ ಪೂಜೆ. ಬೇರೆ ಆಚಾರ ಮಾಡಿ ಸಿಕ್ಕಿಬಿದ್ದವರಿಗೆ ಸೋಮವಾರ ತಲೆದಂಡ. ಅವರನ್ನು ಬಿಡಿಸಿಕೊಳ್ಳುವವರು ಪ್ರಭುಗಳ ಮೂರು ಒಗಟು ಬಿಡಿಸಲಿ. ತಪ್ಪಿದರೆ ಅವರ ತಲೆಯೂ ಹೋದೀತು!”

ಡಂಗುರ ಹೊಡೆದದ್ದೇ ತಡ, ಊರಿಗೆ ಊರೇ ಚಡಪಡಿಸತೊಡಗಿತು. ಪಕ್ಕದ ಮನೆಯವನು ಯಾವುದಕ್ಕೆ ಕೈಮುಗಿಯುತ್ತಾನೆಂದು ಇಣುಕಿ ನೋಡುವುದೇ ಜನಕ್ಕೆ ಕೆಲಸವಾಯಿತು. ಥೂ, ಅದೂ ಒಂದು ಭಕ್ತಿಯೇ! ಹಾಗೆ ಇಣುಕಿದ ಯಾರೋ ಅಗಸರ ದ್ಯಾವವ್ವನನ್ನು ಹಿಡಿದುಕೊಟ್ಟರು. ಬಟ್ಟೆ ಬೇಯಿಸುವ ಹಂಡೆಗೆ ಅಗಸರು ಉಬ್ಬೆ ಎನ್ನುತ್ತಾರೆ. ಒಲೆ ಹೊತ್ತಿಸುವ ಮುಂಚೆ ಅದಕ್ಕೆ ಅರಿಶಿನ ಹಚ್ಚಿ ಕೈಮುಗಿದಳು, ಅಷ್ಟೇ ಪಾಪ ಅವಳ ತಪ್ಪು.

ಮಗ ಮಾಚನಿಗೆ ಅನ್ನ ಸೇರಲಿಲ್ಲ. ಭಾನುವಾರ ಬೆಳಿಗ್ಗೆಯೇ ಅರಮನೆಗೆ ಓಡಿದ. ಅವನಿಗಿಂತ ಮುಂಚೆ ಅಲ್ಲಿ ಇಬ್ಬರು ಬಂದು ನಿಂತಿದ್ದರು. ದೊರೆ ಕೂತಲ್ಲಿ ಕೂರಲಾರದೆ ಅತ್ತಿಂದಿತ್ತ ತಿರುಗುತ್ತಿದ್ದ.

“ಸಾವಿರ ಜನ ಸೇರಿದರೂ ಅದು ಒಂದೇ. ಒಬ್ಬ ಸರಿದರೂ ಕೆಟ್ಟಿತು. ಏನದು?”

ತಮ್ಮನನ್ನು ಬಿಡಿಸಲು ಬಂದಿದ್ದ ಪಂಡಿತರು “ಧರ್ಮ” ಎಂದರು. ಮಾವನನ್ನು ಬಿಡಿಸಲು ಬಂದಿದ್ದ ಶೆಟ್ಟರು “ಮನೆತನ” ಎಂದರು. ಇಬ್ಬರನ್ನೂ ಭಟರು ಸೆರೆಮನೆಗೆ ಎಳೆದೊಯ್ದರು. ಮಾಚ ಮುಂದೆ ಬಂದ.

“ಸಾಲು, ಬುದ್ಧಿ,” ಎಂದ.

“ಹೂಂ, ಸರಿ. ಮೊದಲು ತುಳಿದವನಿಗೆ ಬರೀ ಮುಳ್ಳು. ತುಳಿಯುವವರು ಹೆಚ್ಚಿದಷ್ಟೂ ನುಣ್ಣಗಾಗುತ್ತದೆ. ಏನದು?”

“ಕಾಲುದಾರಿ. ಆದ್ರೆ ಬುದ್ಧಿ, ಆ ಮೊದಲನೇವನು ಸಾಲು ಬಿಟ್ಟು ಹೋದವನೇ ಅಲ್ವಾ?”

ದೊರೆಯ ಮುಖ ಕೆಂಪಾಯಿತು. “ಅಧಿಕಪ್ರಸಂಗ ಬೇಡ! ಮೂರನೆಯದು ಕೇಳು. ಊರವರ ಮೈಗೆಲ್ಲ ಅಂಟಿದೆ, ನನ್ನ ಮೈಗಿಲ್ಲ. ನೀರಲ್ಲಿ ತೊಳೆದರೆ ಹೋಗದು, ತಲೆ ತೆಗೆದರೇ ಹೋಗುವುದು. ಏನದು?”

ಮಾಚ ಕೈಮುಗಿದ. “ನಿಮ್ಮ ಮನಸ್ಸಲ್ಲಿರೋ ಉತ್ತರ ತಪ್ಪು ಆಚಾರ ಅಂತ. ಆದ್ರೆ ಒಗಟೇ ಸರಿಯಿಲ್ಲ, ಬುದ್ಧಿ.”

“ಏನಂದೆ?”

“ನೀವು ಪೂಜೆಗೆ ಉಡೋ ಮಡಿ ಬೇಯೋದು ನಮ್ಮ ಉಬ್ಬೇಲೇ. ಮೂವತ್ತು ವರ್ಷದಿಂದ ಅವ್ವ ಅದಕ್ಕೆ ಕೈಮುಗಿದೇ ಒಲೆ ಹೊತ್ತಿಸ್ತಾಳೆ. ಅವಳ ಆಚಾರ ಮೈಲಿಗೆ ಆದ್ರೆ, ಅದು ಈಗ್ಲೂ ನಿಮ್ಮ ಮೈಮೇಲಿದೆ. ಮಡಿ ಆದ್ರೆ, ಅವ್ವ ಯಾಕೆ ಸೆರೇಲಿದ್ದಾಳೆ?”

ದೊರೆ ಪಕ್ಕದಲ್ಲಿ ನಿಂತಿದ್ದ ರಾಜಗುರುಗಳತ್ತ ತಿರುಗಿದ. ಅವರು ತಮ್ಮ ಪಂಚೆಯನ್ನೇ ನೋಡಿಕೊಳ್ಳುತ್ತಿದ್ದರು. ದೊರೆ ಈಗ ಕೂತುಬಿಟ್ಟ.

“ಎಲ್ಲರನ್ನೂ ಬಿಟ್ಟುಬಿಡಿ,” ಎಂದ. “ನಿನಗೇನು ಬೇಕೋ ಮಾಚ?”

“ಅವ್ವ ಸಿಕ್ಕಿದ್ರೆ ಸಾಕು, ಬುದ್ಧಿ.”

ಸೆರೆಮನೆಯಿಂದ ಹೊರಗೆ ಬಂದ ದ್ಯಾವವ್ವ “ನನಗೋಸ್ಕರ ತಲೆ ಕೊಡೋಕೆ ಬಂದೆಯೇನೋ ಮುಂಡೇದೇ!” ಎಂದು ಬೈದು, ಮಗನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ದೊರೆ ಎದ್ದು ಬಂದ. “ಉಬ್ಬೆಯ ಮುಂದೆ ಏನಂತ ಬೇಡಿಕೊಳ್ತೀಯ ತಾಯಿ?”

“ಇನ್ನೇನು ಬೇಡ್ಲಿ ಬುದ್ಧಿ? ಈ ಬಟ್ಟೆ ಉಡೋರು ತಣ್ಣಗಿರ್ಲಿ ಅಂತ.”

ದೊರೆ ತನ್ನ ಕೊರಳ ಸರ ತೆಗೆದು ಮಾಚನಿಗೆ ಹಾಕಿದ.