ಬೆನ್ನು ಒರೆಸುವ ಮುಂಚೆ

"ಗುರುಗಳೇ, ಒಬ್ಬನ ಅನ್ನ ಉಂಡು ಅವನ ಆಟಕ್ಕೇ ತೀರ್ಪು ಹೇಳಬೇಕಾದವನು ನಿಷ್ಪಕ್ಷಪಾತಿಯಾಗಿ ಉಳಿಯುವುದು ಹೇಗೆ?" ಎಂದು ತ್ರಿಯಂಬಕನು ಕೇಳಿದನು.

ತ್ರಿಯಂಬಕನು ರಗ್ಬಿ ಪಂದ್ಯಗಳ ತೀರ್ಪುಗಾರ. ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು ಓಡುವ, ಓಡುವವನನ್ನು ಹಿಡಿದು ಕೆಡಹುವ ಆಟ ಅದು. ಒಬ್ಬರ ಮೇಲೊಬ್ಬರು ಬಿದ್ದ ರಾಶಿಯ ಅಡಿಯಲ್ಲಿ, ಗೆರೆಯ ಆಚೆ, ಚೆಂಡು ನೆಲಕ್ಕೆ ತಗುಲಿತೋ ಇಲ್ಲವೋ ಎಂದು ಬಾಗಿ ನೋಡಿ ಹೇಳುವುದು ಅವನ ಕೆಲಸ. ಪಂದ್ಯಾವಳಿಯನ್ನು ನಡೆಸುವವರು ಒಬ್ಬ ಉದ್ಯಮಿ. ಆಡುವ ತಂಡಗಳಲ್ಲಿ ಒಂದು ಅವರದೇ. ತೀರ್ಪುಗಾರರಿಗೆ ಸಂಬಳ ಕೊಡುವವರೂ ಅವರೇ. ಮರುದಿನ ಅವರ ತಂಡಕ್ಕೆ ಅಂತಿಮ ಪಂದ್ಯವಿತ್ತು.

"ಅವರು ನಿನಗೆ ಏನಾದರೂ ಹೇಳಿದರೇ?" ಎಂದು ಗುರುಗಳು ಕೇಳಿದರು.

"ಏನೂ ಹೇಳಲಿಲ್ಲ. ಅದೇ ಕಷ್ಟ. ತಮ್ಮ ತಂಡ ಗೆಲ್ಲದಿದ್ದರೆ ಹಣ ಹಾಕುವವರು ಹಿಂದೆ ಸರಿಯುತ್ತಾರೆ, ಮುಂದಿನ ವರ್ಷ ಪಂದ್ಯಾವಳಿಯೇ ಇರುವುದಿಲ್ಲ ಎಂದಷ್ಟೇ ಹೇಳಿ, ಕಾಫಿ ಕುಡಿಸಿ ಕಳುಹಿಸಿದರು. ಆಟಗಾರರಿಗೆ ಬೇರೆ ದಿಕ್ಕಿಲ್ಲ. ನನಗೂ ಇಲ್ಲ. ಅವರ ಕಡೆಗೆ ಸೀಟಿ ಊದಿದರೆ ನಾನು ಮಾರಿಕೊಂಡೆ ಎನ್ನುತ್ತಾರೆ. ಊದದಿದ್ದರೆ ಆಟವೇ ಮುಳುಗುತ್ತದೆ. ಹೇಗೆ ಯೋಚಿಸಿದರೂ ತಲೆ ಕೆಡುತ್ತದೆ, ಗುರುಗಳೇ. ಕೊನೆಗೆ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ನಾಳೆ ಎಲ್ಲಿ ಅನುಮಾನ ಬರುತ್ತದೋ ಅಲ್ಲೆಲ್ಲ ಅವರ ವಿರುದ್ಧವೇ ಸೀಟಿ ಊದುತ್ತೇನೆ. ಆಗ ಯಾರೂ ನನ್ನ ಕಡೆ ಬೆರಳು ತೋರಿಸುವಂತಿಲ್ಲ. ಅದು ಸರಿ ತಾನೆ?"

ಗುರುಗಳು ಉತ್ತರವಾಗಿ ಒಂದು ಕತೆಯನ್ನು ಆರಂಭಿಸಿದರು.

ಒಂದು ಪಟ್ಟಣದಲ್ಲಿ ಒಂದು ಗರಡಿಯಿತ್ತು. ಅಲ್ಲಿ ಕುಸ್ತಿಯ ಸೋಲು ಗೆಲುವನ್ನು ಹೇಳಲು ಒಬ್ಬ ಪಂಚನಿದ್ದನು. ಎರಡು ಭುಜಗಳೂ ಒಟ್ಟಿಗೆ ಮಣ್ಣಿಗೆ ತಗುಲಿದರೆ ಪೈಲ್ವಾನನು ಸೋತಂತೆ. ಒಂದೇ ಭುಜ ತಗುಲಿದರೆ ಸೋತಂತಲ್ಲ.

ಆ ಗರಡಿಯಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ತೀರ್ಪು ಹೇಳಿದ ಮೇಲೆ, ಸೋತವನು ಪಂಚನಿಗೆ ಬೆನ್ನು ತಿರುಗಿಸಿ ಕುಳಿತುಕೊಳ್ಳಬೇಕು. ಪಂಚನು ತನ್ನ ವಸ್ತ್ರದಿಂದ ಅವನ ಬೆನ್ನಿನ ಮಣ್ಣನ್ನು ಒರೆಸಬೇಕು. ಎದುರಾಳಿಯ ಕೈಯಿಂದ ಹತ್ತಿದ ಮಣ್ಣು ಗೀರು ಗೀರಾಗಿ ಇರುತ್ತದೆ. ನೆಲದಿಂದ ಹತ್ತಿದ ಮಣ್ಣು ಅಚ್ಚೊತ್ತಿದಂತೆ ದಪ್ಪಗೆ ಕೂತಿರುತ್ತದೆ. ಬಲ್ಲವನಿಗೆ ಅದರಲ್ಲಿ ಗೊಂದಲವಿಲ್ಲ. ಆದ್ದರಿಂದ ಒರೆಸುವ ಮುಂಚೆ ಬೆನ್ನನ್ನು ನೋಡಿ, ಬೇಕಾದರೆ ತೀರ್ಪನ್ನು ಬದಲಿಸುವ ಅಧಿಕಾರ ಪಂಚನಿಗಿತ್ತು. ಒರೆಸಿದ ಮೇಲೆ ಮಾತಿಲ್ಲ.

ಮೊದಲು ಊರಿನವರು ಮನೆಗಿಷ್ಟು ಎಂದು ಧಾನ್ಯ ಕೂಡಿಸಿ ಪಂಚನನ್ನು ಸಾಕುತ್ತಿದ್ದರು. ಬರಬರುತ್ತ ಕೊಡುವ ಕೈಗಳು ಕಡಿಮೆಯಾದವು. ಆಗ ಒಬ್ಬ ಎಣ್ಣೆಯ ವರ್ತಕನು ಮುಂದೆ ಬಂದನು. ಅಖಾಡಕ್ಕೆ ಕೆಮ್ಮಣ್ಣು ಅವನದು, ಪೈಲ್ವಾನರ ಹಾಲು ತುಪ್ಪ ಅವನದು, ಪಂಚನ ಮನೆಯ ಅಕ್ಕಿಯೂ ಅವನದೇ ಆಯಿತು.

ವರ್ತಕನ ಗಾಣದಲ್ಲಿ ಮೂಟೆ ಹೊರುವ ಒಬ್ಬ ಯುವಕನಿದ್ದನು. ಅವನ ಮೈಕಟ್ಟನ್ನು ನೋಡಿ ವರ್ತಕನು ಅವನನ್ನು ಗರಡಿಗೆ ಸೇರಿಸಿದನು. ಅವನು ಚೆನ್ನಾಗಿ ಕಲಿತನು. ಒಂದು ವರ್ಷ ನೆರೆಯ ಸೀಮೆಯ ಹೆಸರಾಂತ ಪೈಲ್ವಾನನೊಂದಿಗೆ ಅವನಿಗೆ ಕುಸ್ತಿ ಗೊತ್ತಾಯಿತು. ಗೆದ್ದರೆ ಗರಡಿಯಲ್ಲಿ ಉಳಿಯುತ್ತಾನೆ. ಸೋತರೆ ಮರುದಿನವೇ ಮೂಟೆಯ ಕೆಳಗೆ ಹೋಗುತ್ತಾನೆ. ಇದು ಎಲ್ಲರಿಗೂ ತಿಳಿದಿತ್ತು.

ಕುಸ್ತಿಯ ಹಿಂದಿನ ದಿನ ವರ್ತಕನು ಪಂಚನನ್ನು ಕಂಡು, "ಪಂಚರೇ, ನಮ್ಮವನು ಸೋತರೆ ಜನ ಬರುವುದಿಲ್ಲ. ಜನ ಬಾರದಿದ್ದರೆ ಗರಡಿಯ ಬಾಗಿಲು ಹಾಕಬೇಕು. ಹಾಗೆಂದು ನಾನು ನಿಮಗೆ ಏನನ್ನೂ ಹೇಳುತ್ತಿಲ್ಲ" ಎಂದನು.

ಪಂಚನು ಮನೆಗೆ ಹೊರಟನು. ದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದವರು ಅವನನ್ನು ತಡೆದರು. "ಏನು ಪಂಚರೇ, ಎಣ್ಣೆ ಸಾಹುಕಾರರ ಅಕ್ಕಿ ಚೆನ್ನಾಗಿ ಬೇಯುತ್ತದೆಯೇ?" ಎಂದು ಒಬ್ಬನು ಕೇಳಿದನು. "ಬೇಯುವುದೇನು, ನಾಳೆ ಇವರ ಕೈ ಯಾವ ಕಡೆ ಏಳುತ್ತದೆಂದು ಅದೇ ಹೇಳುತ್ತದೆ" ಎಂದು ಇನ್ನೊಬ್ಬನು ನಕ್ಕನು. ಪಂಚನಿಗೆ ಆ ದಿನ ಊಟ ಸೇರಲಿಲ್ಲ.

ತ್ರಿಯಂಬಕನು ತಲೆದೂಗಿದನು. ತನಗೂ ಊಟ ಸೇರಿರಲಿಲ್ಲ.

ಕುಸ್ತಿ ಬಹಳ ಹೊತ್ತು ನಡೆಯಿತು. ಕೊನೆಗೆ ಇಬ್ಬರೂ ಒಟ್ಟಿಗೆ ಉರುಳಿದರು. ಗಾಣದ ಯುವಕ ಅಡಿಯಲ್ಲಿದ್ದನು. ಬಲಭುಜ ಮಣ್ಣಿಗೆ ತಗುಲಿತು. ಎಡಭುಜ ಕೆಳಗಿಳಿಯಿತು. ಅದು ಮಣ್ಣಿಗೆ ಸೇರುತ್ತದೋ ಇಲ್ಲವೋ ಎನ್ನುವ ಗಳಿಗೆಯಲ್ಲಿ ಪಂಚನ ಕಣ್ಣು ವರ್ತಕನ ಆಸನದ ಕಡೆ ಹೋಯಿತು. ವರ್ತಕನು ಸುಮ್ಮನೆ ಕುಳಿತಿದ್ದನು. ಅಲ್ಲಿಂದ ಕಣ್ಣು ಜನರ ಕಡೆ ಹೋಯಿತು. ಎಲ್ಲರೂ ಪಂಚನನ್ನೇ ನೋಡುತ್ತಿದ್ದರು. ಕಣ್ಣು ಮರಳಿ ಅಖಾಡಕ್ಕೆ ಬರುವ ಹೊತ್ತಿಗೆ ಪೈಲ್ವಾನರಿಬ್ಬರೂ ಬಿಡಿಸಿಕೊಂಡು ಎದ್ದಿದ್ದರು.

ಪಂಚನು ಪರವೂರಿನ ಪೈಲ್ವಾನನ ಕೈಯನ್ನು ಎತ್ತಿದನು.

ಜನರು ಬೆರಗಾದರು. ಆಮೇಲೆ ಚಪ್ಪಾಳೆ ಶುರುವಾಯಿತು. ಅನ್ನ ಹಾಕಿದವನ ಮುಖವನ್ನೂ ನೋಡದ ಪಂಚನೆಂದು ಕೊಂಡಾಡಿದರು. ಹಿಂದಿನ ದಿನ ಹಂಗಿಸಿದವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ವರ್ತಕನೂ ಎದ್ದು ನಿಂತು ಕೈಮುಗಿದನು.

"ಮಾಡಿದರೆ ಹಾಗೆ ಮಾಡಬೇಕು!" ಎಂದನು ತ್ರಿಯಂಬಕ. ಅವನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನೆಮ್ಮದಿ ಕಂಡಿತು. "ನಾನು ಹೇಳಿದ್ದೂ ಅದನ್ನೇ ಅಲ್ಲವೇ?"

"ಕತೆ ಮುಗಿದಿಲ್ಲ" ಎಂದರು ಗುರುಗಳು.

ಗಾಣದ ಯುವಕನು ಪದ್ಧತಿಯಂತೆ ಬಂದು, ಪಂಚನಿಗೆ ಬೆನ್ನು ತಿರುಗಿಸಿ ಕುಳಿತನು. ಅವನು ಅಳಲಿಲ್ಲ, ಜಗಳವಾಡಲಿಲ್ಲ. "ಪಂಚರೇ, ಒರೆಸುವ ಮುಂಚೆ ಒಂದು ಸಲ ನೋಡಿ" ಎಂದಷ್ಟೇ ಹೇಳಿದನು.

ಪಂಚನು ವಸ್ತ್ರವನ್ನು ಕೈಗೆ ತೆಗೆದುಕೊಂಡನು. ಜನರ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನೋಡಿ ತೀರ್ಪನ್ನು ಬದಲಿಸಿದರೆ ಈ ಜನ ಏನೆಂದಾರು? ಬದಲಿಸುವುದಿಲ್ಲವಾದರೆ ನೋಡಿ ಏನು ಫಲ? ಮುಖವನ್ನು ಜನರ ಕಡೆ ಇಟ್ಟುಕೊಂಡೇ, ಬಲಭುಜದಿಂದ ಎಡಭುಜದವರೆಗೆ, ಎಡಭುಜದಿಂದ ಬಲಭುಜದವರೆಗೆ ಕೈಯಾಡಿಸಿ ಬೆನ್ನನ್ನು ಚೊಕ್ಕಟವಾಗಿ ಒರೆಸಿಬಿಟ್ಟನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ವರ್ತಕನು ಪಂಚನನ್ನು ತೆಗೆದುಹಾಕಿದನೇ?" ಎಂದು ತ್ರಿಯಂಬಕನು ಕೇಳಿದನು.

"ಇಲ್ಲ. ಅಂಥ ಪಂಚನಿದ್ದಾನೆಂದು ಕೇಳಿ ದೂರದ ಊರುಗಳಿಂದಲೂ ಜನ ಬಂದರು. ವರ್ತಕನು ಅಕ್ಕಿಯನ್ನು ಹೆಚ್ಚಿಸಿದನು."

"ಹಾಗಾದರೆ ಗರಡಿ ಉಳಿಯಿತು?"

"ಉಳಿಯಿತು."

"ಊರಿನವರು ಮತ್ತೆ ಪಂಚನನ್ನು ಹಂಗಿಸಿದರೇ?"

"ಎಂದೂ ಇಲ್ಲ. ಅವನು ಬಂದರೆ ಕಟ್ಟೆಯಿಂದ ಇಳಿದು ನಿಲ್ಲುತ್ತಿದ್ದರು."

ತ್ರಿಯಂಬಕನಿಗೆ ದಿಕ್ಕು ತಪ್ಪಿದಂತಾಯಿತು. ಕತೆಯಲ್ಲಿ ಎಲ್ಲಿಯೋ ಒಂದು ತಪ್ಪು ನಡೆದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ. ಪಂಚನು ಲಂಚ ಮುಟ್ಟಲಿಲ್ಲ. ವರ್ತಕನು ಬಲವಂತ ಮಾಡಲಿಲ್ಲ. ಜನರು ಮೆಚ್ಚಿದರು. ಗರಡಿ ನಡೆಯಿತು. ಜೇಬಿನಲ್ಲಿದ್ದ ಸೀಟಿಯನ್ನು ಅವನು ಹೊರಗೆ ತೆಗೆದನು, ಒಳಗೆ ಇಟ್ಟನು, ಮತ್ತೆ ತೆಗೆದನು.

"ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ, ಗುರುಗಳೇ! ಇನ್ನು ಕೇಳುವುದಕ್ಕೆ ಏನು ಉಳಿಯಿತು?"

ಗುರುಗಳು ಹೇಳಿದರು: "ವರ್ತಕನ ವಿಷಯ ಕೇಳಿದೆ, ಜನರ ವಿಷಯ ಕೇಳಿದೆ, ಆ ಯುವಕನ ಎಡಭುಜಕ್ಕೆ ಮಣ್ಣು ತಗುಲಿತ್ತೇ ಎಂದು ನೀನೂ ಕೇಳಲಿಲ್ಲವಲ್ಲ, ತ್ರಿಯಂಬಕ."