ಅಧ್ಯಕ್ಷರ ಹೆಸರಿಗೆ ತೆರೆಯದ ಕಂಪ್ಯೂಟರ್

ಪಟ್ಟಣ ಪಂಚಾಯಿತಿ ಅಧ್ಯಕ್ಷ ಚನ್ನವೀರಪ್ಪನವರು ತುಂಬಿದ ಸಭೆಯಲ್ಲೇ ಗುಮಾಸ್ತೆ ನೀಲಗಂಗಾಳ ಮೇಲೆ ಹರಿಹಾಯ್ದರು. ಅವರ ಗುಣಗಾನಕ್ಕೆಂದೇ ಮಾಡಿಸಿದ ವೆಬ್‌ಸೈಟ್ ಅಂದು ಮೇಲಧಿಕಾರಿಗಳ ಕೈಯಿಂದ ಉದ್ಘಾಟನೆಯಾಗಬೇಕಿತ್ತು. ಪಂಚಾಯಿತಿಯ ಕಂಪ್ಯೂಟರಿನಲ್ಲಿ ಬೇರೆಲ್ಲ ವೆಬ್‌ಸೈಟುಗಳು ತೆರೆಯುತ್ತಿದ್ದವು, ಅದೊಂದು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ.

“ಈಗಿಂದೀಗ ಸರಿಮಾಡು, ಇಲ್ಲಾ ನಾಳೆಯಿಂದ ಮನೀಗೆ ನಡಿ!”

ನೀಲಗಂಗಾ ಕುರ್ಚಿ ಬಿಟ್ಟು ಏಳಲಿಲ್ಲ. “ಕಂಪ್ಯೂಟರ್ ಕೆಟ್ಟಿಲ್ಲರಿ ಸಾಹೇಬ್ರ. ಮಂದಿ ನಿಮ್ಮನ್ನ ಬೈದು ಬರ್ಯಾಕ ಹತ್ತಿದಾಗ, ನಿಮ್ಮ ಹೆಸರಿದ್ದ ಯಾವ ವೆಬ್‌ಸೈಟೂ ಇಲ್ಲಿ ತೆರೀಬಾರದು ಅಂತ ನೀವ ಬಂದ್ ಮಾಡಿಸೀರಿ. ಅದು ನಿಮ್ಮ ಮಾತು ಕೇಳಾಕತ್ತೈತಿ.”

ಸಭೆ ಕಿಸಕ್ಕೆಂದಿತು.

“ಹಂಗಾರ ಇದೊಂದನ್ನ ತೆಗಿ,” ಅಧ್ಯಕ್ಷರು ಹಲ್ಲು ಕಡಿದರು.

“ಹೊಗಳಿದ್ದು ಯಾವುದು, ಬೈದದ್ದು ಯಾವುದು ಅಂತ ಅದಕ್ಕೇನ್ ತಿಳೀತೈತ್ರಿ? ತೆಗೆದ್ರ ಎಲ್ಲಾ ತೆಗೀಬೇಕು.”

ಮೇಲಧಿಕಾರಿಗಳು ಗಡಿಯಾರ ನೋಡಿದರು. ಅಧ್ಯಕ್ಷರು ಬೆವರೊರೆಸಿಕೊಂಡು, “ತೆಗಿಯವ್ವಾ, ಎಲ್ಲಾ ತೆಗಿ” ಎಂದರು.

ಪರದೆಯ ಮೇಲೆ ಹಾರ ಹಾಕಿಕೊಂಡ ಅಧ್ಯಕ್ಷರು ನಗುತ್ತ ಮೂಡಿದರು. ಚಪ್ಪಾಳೆ ಬೀಳುವ ಮೊದಲೇ ಮೇಲಧಿಕಾರಿಗಳು, “ಬಂದ್ ಮಾಡಿಸಿದ್ದು ಏನಿತ್ತಮ್ಮಾ? ಅದನ್ನೂ ತೋರಿಸು” ಎಂದರು.

ನೀಲಗಂಗಾ ತೋರಿಸಿದಳು. ಪರದೆಯ ಮೇಲೆ ಈಗ ಒಣಗಿದ ನಲ್ಲಿಯ ಮುಂದೆ ಕುಂಬಾರ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು.

ಮರುದಿನವೇ ಆ ಓಣಿಗೆ ನೀರು ಬಂತು. ಅಂದಹಾಗೆ, ಹೊಗಳಿದ ಆ ಒಂದನ್ನೇ ತೆರೆಯುವ ದಾರಿ ನೀಲಗಂಗಾಳಿಗೆ ಚೆನ್ನಾಗಿ ಗೊತ್ತಿತ್ತು. ಆಕೆ ಹೇಳಲಿಲ್ಲ, ಅಷ್ಟೆ.